ಮಂತ್ರಿಯನ್ನು ಬಿಟ್ಟು ಕುದುರೆ ಕೇಳಿದವರು

ಮೊನ್ನೆ ಬೇಸ್‌ಮೆಂಟಿನಲ್ಲಿ ದೀಪಾವಳಿಯ ದೀಪದ ಸರ ಹುಡುಕುತ್ತಿದ್ದೆ. ಸರ ಸಿಗಲಿಲ್ಲ. ರಟ್ಟಿನ ಡಬ್ಬದ ತಳದಲ್ಲಿ ಒಂದು ಹಳೆಯ ಮೌಸ್ ಸಿಕ್ಕಿತು. ಈಗಿನವುಗಳ ಹಾಗೆ ಹೊಟ್ಟೆಯಿಂದ ಕೆಂಪು ಬೆಳಕು ಬಿಡುವಂಥದ್ದಲ್ಲ; ಹೊಟ್ಟೆಯೊಳಗೆ ರಬ್ಬರಿನ ಗುಂಡು ಇಟ್ಟುಕೊಂಡು, ಹಿಂದೆ ಗಜಗಟ್ಟಲೆ ಬಾಲ ಬಿಟ್ಟುಕೊಂಡು ತಿರುಗುತ್ತಿದ್ದ ಹಿರಿಯ ತಲೆಮಾರಿನದು. ಮಗುಚಿ ಹಿಡಿದೆ. ಗುಂಡು ಟಪ್ಪನೆ ಸಿಮೆಂಟಿನ ಮೇಲೆ ಬಿದ್ದು ವಾಷಿಂಗ್ ಮಷೀನಿನ ಅಡಿಗೆ ಉರುಳಿಹೋಯಿತು.

"ಅದನ್ನ ಎಸೀರಿ ಅತ್ಲಾಗೆ" ಎಂದಳು ಲೀಲಾ ಮೆಟ್ಟಿಲ ಮೇಲಿಂದ.

ನಾನು ಎಸೆಯುವ ಜಾತಿಯವನಲ್ಲ. ಕುಷನ್ ಕೆಲಸದವನಿಗೆ ಗೇಣುದ್ದದ ರೆಕ್ಸಿನ್ ಚೂರೂ ಮುಂದೊಂದು ದಿನ ಯಾರದೋ ಸೀಟಿನ ಮೂಲೆಗೆ ಆಗಿಬರುವ ವಸ್ತು. ಅದೂ ಅಲ್ಲದೆ ಈ ಮೌಸ್ ಹಿಡಿದು ಒಂದು ಚಳಿಗಾಲವಿಡೀ ನಾನು ಇಂಟರ್ನೆಟ್ಟಿನಲ್ಲಿ ಚದುರಂಗ ಆಡಿದ್ದೆ. ಬೇಕಾದಷ್ಟು ಆಟ ಗೆದ್ದಿದ್ದೆ. ಅವುಗಳಲ್ಲಿ ನನ್ನ ಬುದ್ಧಿಯಿಂದ ಗೆದ್ದದ್ದು ಯಾವುದು ಎಂದು ನೀವು ಕೇಳಿದರೆ ತಲೆ ಕೆರೆದುಕೊಳ್ಳಬೇಕು. ಎದುರಿನವರು ಸೋತರು, ಹಾಗಾಗಿ ನಾನು ಗೆದ್ದೆ. ಎರಡೂ ಒಂದೇ ಅಲ್ಲವಾ ಅಂತೀರಾ? ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ.

ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಊರು ತಿಪಟೂರು. ಓದು ಏಳನೇ ಕ್ಲಾಸು, ಅದೂ ಪೂರ್ತಿಯಲ್ಲ. ಲಾರಿ ಸ್ಟ್ಯಾಂಡಿನ ಪಕ್ಕ ಗಫೂರ್ ಸಾಬರ ಕುಷನ್ ಅಂಗಡಿ ಸೇರಿ, ಲಾರಿ ಸೀಟು, ಬಸ್ಸು ಸೀಟು, ಸಿನಿಮಾ ಟಾಕೀಸಿನ ಬಾಲ್ಕನಿ ಸೀಟು ಹೊಲಿಯುತ್ತ ದೊಡ್ಡವನಾದೆ. ಲೀಲಾ ನರ್ಸು. ಅಮೆರಿಕಕ್ಕೆ ವೀಸಾ ಬಂದದ್ದು ಅವಳಿಗೆ. ನಾನು ಅವಳ ಹಿಂದೆ ಬಂದ ಲಗೇಜು. ಲಗೇಜಿಗೂ ಮಾನ ಮರ್ಯಾದೆ ಇರುತ್ತದೆ ನೋಡಿ. ಬಂದ ಸ್ವಲ್ಪ ದಿನಕ್ಕೇ ಡೆಟ್ರಾಯಿಟ್ ಕಡೆಯ ಒಂದು ಕುಷನ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಕೆಲವು ವರ್ಷ ಕಳೆದ ಮೇಲೆ ನಾರ್ತ್‌ವಿಲ್ ಹತ್ತಿರ ನನ್ನದೇ ಅಂಗಡಿ ಇಟ್ಟೆ. ಯಾರ ಹತ್ತಿರವೂ ಒಂದು ಗುಂಡುಸೂಜಿ ಬಿಟ್ಟಿ ತೆಗೆದುಕೊಂಡವನಲ್ಲ ನಾನು. ಇದನ್ನು ಆ ಕಾಲದಲ್ಲಿ ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ಮಿಶಿಗನ್ನಿನಲ್ಲಿ ಕೆರೆಗಳು ಜಾಸ್ತಿ, ಬೋಟುಗಳೂ ಜಾಸ್ತಿ. ಚಳಿಗಾಲದಲ್ಲಿ ಜನ ಬೋಟುಗಳಿಗೆ ಮುಸುಕು ಹಾಕಿ, ಹರಿದ ಸೀಟುಗಳನ್ನು ಬಿಚ್ಚಿ ನನ್ನಂಥವನಿಗೆ ತಂದು ಹಾಕುತ್ತಾರೆ. ಮೇ ಕೊನೆಯಲ್ಲಿ ಬೋಟು ನೀರಿಗಿಳಿಯುವ ಹೊತ್ತಿಗೆ ಸೀಟು ರೆಡಿ ಇರಬೇಕು. ನಮ್ಮ ಅಂಗಡಿಗೆ ವರ್ಷದ ಅನ್ನ ಅದೇ. ಆ ವರ್ಷ, ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಅಂಗಡಿಯ ತುಂಬ ಬೋಟಿನ ಸೀಟು. ಜನವರಿಯಲ್ಲಿ ವೆಸ್ಟ್ ಬ್ಲೂಮ್‌ಫೀಲ್ಡಿನ ಒಂದು ಮನೆಯಿಂದ ಹಾಸಿಗೆಯಾಗಿ ಬಿಚ್ಚಿಕೊಳ್ಳುವ ಸೋಫಾ ತರಲು ಹೋದೆ. ಇಬ್ಬರು ಎತ್ತಬೇಕಾದದ್ದನ್ನು ಒಬ್ಬನೇ ಎತ್ತಿದೆ. ಸೊಂಟದಲ್ಲಿ ಏನೋ ಚಟ್ ಎಂದಿತು. ಮನೆಗೆ ಬಂದದ್ದು ಸ್ಟ್ರೆಚರ್ ಮೇಲೆ.

"ವಸಂತ ಬರೋವರೆಗೂ ಬಗ್ಗಬೇಡಿ, ಎತ್ತಬೇಡಿ, ಕೂರಬೇಡಿ" ಎಂದರು ಡಾಕ್ಟರು. ಉಳಿದದ್ದು ಮಲಗುವುದೊಂದೇ. ಆ ಬಾಡಿಗೆಗೆ, ಆ ಜಾಗಕ್ಕೆ, ಬೋಟಿನ ಸೀಸನ್ ತಪ್ಪಿದರೆ ಅಂಗಡಿ ಮುಚ್ಚಬೇಕು. ಲೆಕ್ಕ ಅಷ್ಟು ಸರಳವಾಗಿತ್ತು.

ಆಗ ಇಮ್ತಿಯಾಜ್ ಫೋನ್ ಮಾಡಿದ. ಇಮ್ತಿಯಾಜ್ ಅಂದರೆ ಗಫೂರ್ ಸಾಬರ ಅಂಗಡಿಯಲ್ಲಿ ನನ್ನ ಜೊತೆ ಒಂದೇ ಬೆಂಚಿನ ಮೇಲೆ ಕೂತು ಕೆಲಸ ಕಲಿತವನು. ಅವನ ಅಕ್ಕ ಭಾವ ಕರೆಸಿಕೊಂಡು ಅವನೂ ಈ ದೇಶಕ್ಕೆ ಬಂದಿದ್ದ. ಶಿಕಾಗೋ ಪಕ್ಕದ ಬೋಲಿಂಗ್‌ಬ್ರೂಕಿನ ಒಂದು ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಆ ಚಳಿಗಾಲ ಅಲ್ಲಿ ಕೆಲಸ ಕಮ್ಮಿಯಾಗಿ, ಬೇಸಿಗೆಗೆ ಬಾ ಎಂದು ಮನೆಗೆ ಕಳಿಸಿದ್ದರು.

"ಲೇ ಮಂಜಾ, ನಾನು ಬತ್ತೀನಿ ಕಣೋ. ಬೋಟಿನ ಸೀಟು ನಂಗ್ ಬಿಡು. ನೀನು ಮಲಕ್ಕೊ."

"ಕೂಲಿ ಏನು ಕೊಡ್ಲಿ, ಮೊದ್ಲು ಅದನ್ನ ಹೇಳು."

"ಕೂಲಿನಾ? ನಿನ್ ಬಾಯಿಗೆ ದಬ್ಬಳ ಹಾಕ. ನನಗೆ ಕೂಲಿ ಕೊಡ್ತೀಯೇನಲೇ ನೀನು?"

"ಬಿಟ್ಟಿ ಮಾಡಿಸ್ಕೊಳೋನಲ್ಲ ನಾನು."

"ಕೂಲಿಗೆ ಬರೋನಲ್ಲ ನಾನು."

"ಹಂಗಾದ್ರೆ ಬರ್ಬೇಡ."

"ಬರಲ್ಲ ಹೋಗು!"

ಫೋನ್ ಇಟ್ಟೆ. ಪಕ್ಕದಲ್ಲೇ ನನ್ನ ಸೊಂಟಕ್ಕೆ ಬಿಸಿನೀರಿನ ಚೀಲ ಕೊಡುತ್ತಿದ್ದ ಲೀಲಾ ಎಲ್ಲ ಕೇಳಿಸಿಕೊಂಡಿದ್ದಳು. "ಸರಿ ಹೋಯ್ತು, ಇಬ್ರೂ ಗೆದ್ರಿ. ಸೀಟು ಯಾರು ಹೊಲೀತಾರೆ?" ಎಂದಳು.

ಗೋಡೆಯ ಕಡೆ ತಿರುಗಿಕೊಳ್ಳೋಣವೆಂದರೆ ಸೊಂಟ ಬಿಡಲಿಲ್ಲ.

ನಾನು ಮಲಗಿಕೊಂಡು ಮನೆಯವರ ಪ್ರಾಣ ತಿನ್ನುವುದನ್ನು ನೋಡಲಾರದೆ ಮಗಳು ರಶ್ಮಿ ತನ್ನ ಕಂಪ್ಯೂಟರನ್ನು ತಂದು ಕಾರ್ಪೆಟ್ಟಿನ ಮೇಲೆ, ನನ್ನ ಮೂಗಿನ ನೇರಕ್ಕೆ ಇಟ್ಟಳು. ನಾನು ಬೋರಲು ಮಲಗಿ, ಗದ್ದದ ಕೆಳಗೆ ಎರಡು ದಿಂಬು ಇಟ್ಟುಕೊಂಡರೆ ಪರದೆ ಕಾಣುತ್ತಿತ್ತು. ಮೊಸಳೆ ಮರಳಿನ ಮೇಲೆ ಮಲಗಿಕೊಂಡು ಟಿವಿ ನೋಡಿದ ಹಾಗೆ. "ಡ್ಯಾಡ್, ಯು ಸೆಡ್ ಯು ಪ್ಲೇಡ್ ಚೆಸ್. ಪ್ಲೇ" ಎಂದು ಹೇಳಿ ಸ್ಕೂಲಿಗೆ ಹೋದಳು.

ಮೊದಲ ದಿನವೇ ಜಗಳವಾಯಿತು. ಎದುರಾಳಿ ಯಾವ ದೇಶದವನೋ, ಇದ್ದಕ್ಕಿದ್ದಂತೆ ಅವನ ರಾಜ ಎರಡು ಮನೆ ಜಾರಿ ಕೂತ; ಆನೆ ಅವನನ್ನು ಹಾರಿ ಆ ಕಡೆ ಬಂತು. ಸಂಜೆ ರಶ್ಮಿ ಬಂದದ್ದೇ ದೂರು ಕೊಟ್ಟೆ.

"ಒಂದೇ ಸಲಕ್ಕೆ ಎರಡು ಕಾಯಿ ನಡೆಸ್ತಾನೆ ಕಣಮ್ಮ, ಮೋಸ!"

"ದಟ್ಸ್ ಕ್ಯಾಸ್ಲಿಂಗ್, ಡ್ಯಾಡ್. ಇಟ್ಸ್ ಅ ರೂಲ್."

"ಯಾರು ಮಾಡಿದ್ದು ರೂಲು?"

"ಎವ್ರಿಬಡಿ."

ಎವ್ರಿಬಡಿ ಎಂಬ ಆ ಮನುಷ್ಯ ತಿಪಟೂರಿನ ಕಡೆ ಬಂದವನಲ್ಲ. ನಮ್ಮ ರೂಲು ಗಫೂರ್ ಸಾಬರು ಮಾಡಿದ್ದು. ಅವರಿಗೆ ಅವರ ಅಪ್ಪ ಹೇಳಿಕೊಟ್ಟದ್ದು. ಬಿಳಿಯ ರೆಕ್ಸಿನ್ ತುಂಡಿನ ಮೇಲೆ ಕರಿ ಬಣ್ಣದಲ್ಲಿ ಮನೆಗಳನ್ನು ಬರೆದಿದ್ದರು. ಕಾಯಿಗಳು ಸೋಫಾಕ್ಕೆ ಹಾಕುವ ಗುಂಡಿಗಳು. ಒಂದು ಕಡೆಗೆ ಕೆಂಪು ಬಟ್ಟೆ ಸುತ್ತಿದವು, ಇನ್ನೊಂದು ಕಡೆಗೆ ಹಸಿರು. ರಾಜನಿಗೆ ದೊಡ್ಡ ಗುಂಡಿ, ಮಂತ್ರಿಗೆ ಅದಕ್ಕಿಂತ ಒಂಚೂರು ಚಿಕ್ಕದು, ಆನೆ ಒಂಟೆ ಕುದುರೆಗಳಿಗೆ ದಾರದಲ್ಲಿ ಬೇರೆ ಬೇರೆ ಹೊಲಿಗೆಯ ಗುರುತು. ಲಾರಿಯವರು ಯಾರಾದರೂ ಬಂದರೆ ರೆಕ್ಸಿನ್ನನ್ನು ನಾಲ್ಕು ಮೂಲೆ ಹಿಡಿದು ಎತ್ತಿ ಗಂಟು ಕಟ್ಟಿಬಿಡುತ್ತಿದ್ದರು. ಅವರು ಸೋಲುವ ಹೊತ್ತಿಗೆ ಸರಿಯಾಗಿ ಲಾರಿಯವರು ಬರುತ್ತಿದ್ದದ್ದು ಹೇಗೋ, ಆ ಮಾತು ಬೇರೆ.

ಆ ಆಟದಲ್ಲಿ ಕಾಲಾಳು ನಡೆಯುವುದು ಯಾವಾಗಲೂ ಒಂದೇ ಮನೆ. ಮೊದಲ ಹೆಜ್ಜೆ ಎರಡು ಮನೆ ಹಾಕುವ ಈ ಕಾಲದ ಅವಸರ ಅವನಿಗಿಲ್ಲ. ರಾಜನಿಗೆ ಜೀವಮಾನದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರುವ ಹಕ್ಕುಂಟು. ಆದರೆ ಅದಕ್ಕೆ ಮುಂಚೆ ಯಾರಾದರೂ ಅವನಿಗೆ ಶಹ, ಅಂದರೆ ಚೆಕ್, ಕೊಟ್ಟರೆ ಆ ಹಕ್ಕು ಹೋಯಿತು. ಅದಕ್ಕೇ ಗಫೂರ್ ಸಾಬರು, "ಮೊದ್ಲು ರಾಜನ ಕಾಲು ಮುರೀರೋ, ಆಮೇಲೆ ಆಟ ಆಡೀರಂತೆ" ಎನ್ನುತ್ತಿದ್ದರು. ನಾವು ಒಂದು ಒಂಟೆಯನ್ನು ಬಲಿಕೊಟ್ಟಾದರೂ ಬೇಗ ಒಂದು ಶಹ ಕೊಟ್ಟು ಎದುರು ರಾಜನನ್ನು ಕುಂಟನನ್ನಾಗಿ ಮಾಡುತ್ತಿದ್ದೆವು. ಇನ್ನು ಕಾಲಾಳು ನಡೆದು ನಡೆದು ಎದುರಿನ ಕೊನೆಯ ಸಾಲು ಮುಟ್ಟಿದರೆ, ಆ ಮನೆ ಮೂಲದಲ್ಲಿ ಯಾರದೋ ಅವನೇ ಆಗುತ್ತಾನೆ. ಆನೆಯ ಮನೆ ಮುಟ್ಟಿದರೆ ಆನೆ, ಕುದುರೆಯ ಮನೆ ಮುಟ್ಟಿದರೆ ಕುದುರೆ. ಇಲ್ಲಿಯ ಹಾಗೆ ಎಲ್ಲಿ ಮುಟ್ಟಿದರೂ ಸೀದಾ ಮಂತ್ರಿಗಿರಿ ಸಿಗುತ್ತಿರಲಿಲ್ಲ. ಯಾರ ಮನೆಗೆ ಹೋಗಿ ಸೇರಿದರೆ ಅವರ ಹಣೆಬರಹ.

ಇದನ್ನೆಲ್ಲ ಕಂಪ್ಯೂಟರ್ ಒಪ್ಪಲಿಲ್ಲ. ರಾಜನನ್ನು ಹಾರಿಸಿದರೆ ರಪ್ಪೆಂದು ಹಿಂದಕ್ಕೆಸೆಯುತ್ತಿತ್ತು. ಎವ್ರಿಬಡಿಯ ರೂಲುಗಳನ್ನು ಒಂದೊಂದಾಗಿ ಕಲಿತೆ. ಕಲಿತರೂ ನಾನು ಗಟ್ಟಿ ಆಟಗಾರನೇನೂ ಅಲ್ಲ. ಆದರೆ ಗೆಲ್ಲತೊಡಗಿದೆ!

ಹೇಗೆ ಅಂತೀರಿ? ಆಗ ಇಂಟರ್ನೆಟ್ ಬರುತ್ತಿದ್ದದ್ದು ಫೋನಿನ ತಂತಿಯಲ್ಲಿ. ಮನೆಯಲ್ಲಿ ಯಾರಾದರೂ ಫೋನ್ ಎತ್ತಿದರೆ ಮುಗಿಯಿತು, ಕಡಿದುಹೋಗುತ್ತಿತ್ತು. ಒಬ್ಬ ನನ್ನನ್ನು ಅರೆದು ಚಟ್ನಿ ಮಾಡುತ್ತಿದ್ದ. ಇನ್ನೇನು ಮಾತ್, ಆಟ ಮುಗಿಯಿತು ಎನ್ನುವಾಗ ಅವನ ಮನೆಯಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕೆನಿಸಿತೋ, ಅವನು ಮಾಯ. ನೀವು ಗೆದ್ದಿರಿ ಎಂದಿತು ಪರದೆ. ಇನ್ನೊಬ್ಬ ಮಂತ್ರಿಯನ್ನು ಎಳೆದು ತರುವಾಗ ಕೈ ಜಾರಿ ಒಂದು ಮನೆ ಈಚೆಗೇ ಬಿಟ್ಟ, ನನ್ನ ಕಾಲಾಳಿನ ಬಾಯಿಗೆ. ಅಯ್ಯೋ ಎನ್ನುವಂಥದ್ದೇನನ್ನೋ ಉದ್ದಕ್ಕೆ ಟೈಪ್ ಮಾಡಿ ಎದ್ದುಹೋದ. ಮತ್ತೊಬ್ಬ ಪಿಜ್ಜಾ ಬಂತು ಎಂದು ಬರೆದು ಹೋದವನು ತಿರುಗಿ ಬರಲೇ ಇಲ್ಲ. ಗಡಿಯಾರ ಅವನ ಪರವಾಗಿ ಸೋತಿತು. ಆ ಪಿಜ್ಜಾ ಚೆನ್ನಾಗಿದ್ದಿರಬೇಕು.

"ದಟ್ಸ್ ನಾಟ್ ವಿನ್ನಿಂಗ್, ಡ್ಯಾಡ್" ಎನ್ನುತ್ತಿದ್ದಳು ರಶ್ಮಿ.

"ಬರ್ದಿರೋದು ನೋಡು. ಗೆದ್ದಿರಿ ಅಂತಲೇ ಇದೆ."

ಮೊದಲು ನಗು ಬಂತು. ಆಮೇಲೆ ಸ್ವಲ್ಪ ಸಂಕೋಚ. ಆದರೆ ದಿನಾ ಬೋರಲು ಮಲಗಿ ಇದನ್ನೇ ನೋಡುತ್ತ ನೋಡುತ್ತ ನನಗೆ ಬೇರೊಂದು ಹಿಡಿದುಕೊಂಡಿತು. ನನಗೆ ಗೊತ್ತಿಲ್ಲದ ಯಾವುದೋ ಊರಿನ, ಯಾವುದೋ ಮನೆಯಲ್ಲಿ ಒಂದು ಮಗು ಅಳುತ್ತದೆ, ಒಂದು ಬಾಗಿಲು ಬಡಿಯುತ್ತದೆ, ಒಂದು ಬೆರಳು ಬೆವರುತ್ತದೆ; ಇಲ್ಲಿ ಕಾರ್ಪೆಟ್ಟಿನ ಮೇಲೆ ಬಿದ್ದಿರುವ ನನಗೆ ಗೆಲುವು ಬಂದು ಸೇರುತ್ತದೆ. ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ನಾನು ಕೇಳಲೂ ಇಲ್ಲ.

ಹಾಗೆ ನೋಡಿದರೆ, ಲೀಲಾಳನ್ನು ನೋಡಲು ಬರಬೇಕಿದ್ದ ಮೊದಲ ಗಂಡು ಅರಸೀಕೆರೆಯಲ್ಲಿ ರೈಲು ತಪ್ಪಿಸಿಕೊಂಡನಂತೆ. ಅವರಪ್ಪ ಬೇಸತ್ತು, ಮರುವಾರ ಹೋದ ನನಗೆ ಹೂಂ ಅಂದರು. ನನ್ನ ಅಂಗಡಿಯ ಜಾಗ ಕಣ್ಣಿಗೆ ಬಿದ್ದದ್ದು ನಾನು ಹೈವೇಯಿಂದ ತಪ್ಪು ಎಕ್ಸಿಟ್ಟಿನಲ್ಲಿ ಇಳಿದ ದಿನ. ಇದನ್ನು ಲೀಲಾಳ ಹತ್ತಿರ ಹೇಳಿದೆ.

"ಅವನು ರೈಲು ತಪ್ಪಿಸ್ಕೊಂಡ, ನಾನು ಅನುಭವಿಸ್ತಿದೀನಿ" ಎಂದಳು. ಆಮೇಲೆ ಮೆಲ್ಲಗೆ, "ಇವತ್ತು ಅಂಗಡಿ ಕಡೆ ಹೋಗಿದ್ದೆ ಕಣ್ರೀ. ಒಬ್ಬ ಅಜ್ಜ ಬಂದು ತನ್ನ ಬೋಟಿನ ಸೀಟೆಲ್ಲ ವಾಪಸ್ ತಗೊಂಡು ಹೋದ. ಪಾಪ, ಸಾರಿ ಸಾರಿ ಅಂತ ಹತ್ತು ಸಲ ಅಂದ" ಎಂದಳು.

ಒಬ್ಬ ಹೋದ ಮೇಲೆ ಇನ್ನೊಬ್ಬ ಹೋಗುತ್ತಾನೆ.

ಅದಾದ ಮೇಲೆ ಒಂದು ಮಧ್ಯಾಹ್ನ. ಹೊರಗೆ ಹಿಮ ಬಿದ್ದು ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಲೀಲಾ ಡ್ಯೂಟಿಗೆ ಹೋಗಿದ್ದಳು. ಹೊಸ ಎದುರಾಳಿ ಸಿಕ್ಕ. ಹೆಸರಿನ ಜಾಗದಲ್ಲಿ ಬರೀ ಅರ್ಥವಿಲ್ಲದ ಅಕ್ಷರ, ಅಂಕಿ. ಕಾಲಾಳನ್ನು ಒಂದು ಮನೆ ಮುಂದಿಟ್ಟ. ಎರಡು ಇಡಬಹುದಿತ್ತು. ಇನ್ನೊಂದು ಕಾಲಾಳು, ಅದೂ ಒಂದೇ ಮನೆ. ಮತ್ತೊಂದು, ಒಂದೇ ಮನೆ. ಹೊಸಬ ಇರಬೇಕು ಅಂದುಕೊಂಡೆ. ಹೊಸಬನಲ್ಲ! ಕುದುರೆಗಳನ್ನು ತಂದು ನನ್ನ ಪ್ರಾಣ ಹಿಂಡತೊಡಗಿದ. ನಡುವೆ ಇದ್ದಕ್ಕಿದ್ದ ಹಾಗೆ ಅವನ ಒಂಟೆ ಓಡಿಬಂದು, ಯಾವ ಲಾಭವೂ ಇಲ್ಲದ ಕಡೆ, ನನ್ನ ರಾಜನಿಗೆ ಒಂದು ಶಹ ಕೊಟ್ಟಿತು. ನಾನು ಒಂಟೆಯನ್ನು ಪುಕ್ಕಟೆ ತಿಂದೆ. ತಿಂದ ಮೇಲೆ ಕೈ ನಿಂತಿತು.

ಇವನು ನನ್ನ ರಾಜನ ಕಾಲು ಮುರಿದ.

ಅಲ್ಲ, ಇರಲಾರದು ಎಂದುಕೊಂಡೆ. ಎಷ್ಟೋ ಜನ ಸುಮ್ಮನೆ ಶಹ ಕೊಡುತ್ತಾರೆ. ಆಟ ಮುಂದುವರಿಯಿತು. ಒಂಟೆ ಕಳೆದುಕೊಂಡರೂ ಅವನ ಕೈಯೇ ಮೇಲು. ಅವನ ಒಂದು ಕಾಲಾಳು, ಒಂದೊಂದೇ ಹೆಜ್ಜೆ, ಯಾವ ಅವಸರವೂ ಇಲ್ಲದೆ ನಡೆದು ಬಂದು ನನ್ನ ಕೊನೆಯ ಸಾಲು ಮುಟ್ಟಿತು. ಮುಟ್ಟಿದ್ದು ನನ್ನ ಕುದುರೆಯ ಮನೆ. ಹಾಗೆ ಮುಟ್ಟಿದಾಗ ಏನು ಬೇಕು ಎಂದು ಕಂಪ್ಯೂಟರು ನಾಲ್ಕು ಚಿತ್ರಗಳನ್ನು ಮುಂದಿಟ್ಟು ಕೇಳುತ್ತದೆ. ಮಂತ್ರಿಯನ್ನು ಮುಟ್ಟಿದರೆ ನಾನು ಅಲ್ಲಿಗೇ ಮುಗಿದೆ. ಲೋಕದಲ್ಲಿ ಯಾರೇ ಆದರೂ ಮಂತ್ರಿಯನ್ನೇ ಕೇಳುತ್ತಾರೆ, ಎರಡನೇ ಮಾತಿಲ್ಲ. ನಾನು ಸೋತವನ ಹಾಗೆ ಕಣ್ಣು ಮುಚ್ಚಿ ತೆರೆದೆ.

ಅಲ್ಲಿ ಕುದುರೆ ನಿಂತಿತ್ತು.

ಆ ಕುದುರೆಯಿಂದ ನನ್ನ ರಾಜನಿಗೆ ಯಾವ ಭಯವೂ ಇರಲಿಲ್ಲ. ಎದುರಿನ ಮೂಲೆಯಲ್ಲಿ ಅವನ ರಾಜ ತನ್ನದೇ ಕಾಲಾಳುಗಳ ಹಿಂದೆ ಸಿಕ್ಕಿಕೊಂಡಿದ್ದ. ನನ್ನ ಆನೆಯನ್ನು ಆ ಸಾಲಿಗೆ ಎಳೆದು ಬಿಟ್ಟೆ. ಮಾತ್. ನೀವು ಗೆದ್ದಿರಿ ಎಂದಿತು ಪರದೆ.

ನಾನು ಗೆದ್ದದ್ದನ್ನು ನೋಡಲೇ ಇಲ್ಲ. ಕುದುರೆಯನ್ನೇ ನೋಡುತ್ತಿದ್ದೆ. ಇಡೀ ಭೂಮಂಡಲದಲ್ಲಿ ಎಷ್ಟು ದೇಶ, ಎಷ್ಟು ಸಮುದ್ರ! ಅದರಲ್ಲಿ ಯಾವುದೋ ಒಂದು ಕೋಣೆಯಲ್ಲಿ ಕೂತು, ಮಂತ್ರಿಗಿರಿ ಅಂಗೈಯಲ್ಲಿರುವಾಗ, ಇದು ಕುದುರೆಯ ಮನೆ, ಇಲ್ಲಿ ಕುದುರೆಯೇ ಆಗಬೇಕು ಎಂದು ಕುದುರೆ ಕೇಳಿದ ಮನುಷ್ಯ. ಅವನಿಗೂ ಒಬ್ಬ ಗಫೂರ್ ಸಾಬರು ಇದ್ದಿರಬೇಕು. ಮೋಸ ಮಾಡಲು ಯಾರೂ ಅಡ್ಡವಿಲ್ಲದ ಕಡೆಯೂ ಕಲಿತ ನ್ಯಾಯ ಬಿಡದೆ ಸೋತುಹೋದ. ನನ್ನ ಕಣ್ಣಲ್ಲಿ ನೀರು ಬಂತು. ಸೊಂಟದ ನೋವಿಗೆ ಎಂದುಕೊಂಡೆ. ಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟಿ, ನಿಮ್ಮದು ಯಾವ ಊರು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅಷ್ಟು ಹೊತ್ತಿಗೆ ಅವನು ಹೊರಟುಹೋಗಿದ್ದ.

ಆಗ ಹೊಳೆಯಿತು. ಈ ದೇಶದಲ್ಲಿ ಹೀಗೆ ಆಡುವವನು ನನಗೆ ಗೊತ್ತಿರುವ ಹಾಗೆ ಇನ್ನೊಬ್ಬನೇ. ಕಂಪ್ಯೂಟರಿನಿಂದ ಫೋನಿನ ತಂತಿ ಕಿತ್ತೆ. ತೆವಳಿಕೊಂಡು ಹೋಗಿ ಅದನ್ನು ಫೋನಿಗೆ ಸಿಕ್ಕಿಸಿ ಬೋಲಿಂಗ್‌ಬ್ರೂಕಿಗೆ ನಂಬರು ಒತ್ತಿದೆ.

"ಇಮ್ತಿಯಾಜ್, ನಿಜ ಹೇಳು. ಈಗ ನನ್ ಜೊತೆ ಆಡ್ತಿದ್ದೋನು ನೀನೇ ತಾನೇ?"

"ಏನ್ ಆಟ?"

"ಕುದುರೆ ಯಾಕೋ ತಗೊಂಡೆ? ಮಂತ್ರಿ ತಗೊಂಡಿದ್ರೆ ನಾನು ಸತ್ತಿದ್ದೆ."

"ಲೇ ಮಂಜಾ, ಡಾಕ್ಟ್ರು ಕೊಟ್ಟಿರೋ ಮಾತ್ರೆ ಎಷ್ಟು ನುಂಗಿದೀಯ ನೀನು?"

ಎಲ್ಲ ಹೇಳಿದೆ. ಒಂಟೆ, ಶಹ, ಒಂದೊಂದೇ ಹೆಜ್ಜೆ, ಕುದುರೆಯ ಮನೆ. ಅವನು ತಮಾಷೆ ಬಿಟ್ಟು ಕೇಳಿಸಿಕೊಂಡ.

"ನಾನಲ್ಲ ಕಣೋ. ಅಲ್ಲಾಹನಾಣೆ ನಾನಲ್ಲ. ನಮ್ಮನೇಲಿ ಆ ಡಬ್ಬ ಮುಟ್ಟಿದ್ರೆ ನನ್ ಮಗಳು ಕೈ ಮುರೀತಾಳೆ." ಆಮೇಲೆ, "ಯಾರಿರ್ಬೋದೋ ಅವ್ನು?" ಎಂದ. ಅವನ ದನಿಯೂ ಸಣ್ಣಗಾಗಿತ್ತು.

"ಗೊತ್ತಿಲ್ಲ."

"ಗೆಲ್ಲೋ ಆಟ ಬಿಟ್ಟುಕೊಟ್ಟು ಹೋದ್ನಲ್ಲೋ ನಿಂಗೆ!"

"ಹೂಂ."

"ನೀನು ತಗೊಂಡ್ಯಾ?"

"ಏನನ್ನ?"

"ಆಟಾನ. ಬಿಟ್ಟಿ ಬಂದಿದ್ದು. ಯಾರೋ ಏನೋ, ಹೆಸ್ರೂ ಗೊತ್ತಿಲ್ಲ. ಅವ್ನ ಹತ್ರ ತಗೊಂಡೆ. ಬೇಡ ಅನ್ಲಿಲ್ಲ?"

ಕಿಟಕಿಯ ಆಚೆ ಹಿಮ ತೆಗೆಯುವ ಗಾಡಿ ನಮ್ಮ ಬಡಾವಣೆಯ ರಸ್ತೆಯಲ್ಲಿ ಕರಕರ ಎನ್ನುತ್ತ ಹೋಯಿತು.

"ವಾರದಿಂದ ಫೋನ್ ಮಾಡ್ತಿದೀನಿ, ಬರೀ ಎಂಗೇಜು" ಎಂದ ಇಮ್ತಿಯಾಜ್. "ಕೋಪ ಬಂದು ಫೋನ್ ತೆಗೆದಿಟ್ಟಿದೀಯ ಅಂದ್ಕೊಂಡೆ. ಇಲ್ಲಿ ಮನೇಲಿ ಸುಮ್ನೆ ಕೂತು ಕೂತು ನನ್ ಹೆಂಡ್ತಿ ನನ್ನನ್ನೇ ಸೋಫಾ ಅಂದ್ಕೊಂಡು ಧೂಳು ಹೊಡೀತಾಳೆ. ಕೈಯೆಲ್ಲ ತುರಿಸ್ತಿದೆ ಕಣೋ. ನಾನು ಸೂಜಿ ಹಿಡಿದು ಎಷ್ಟು ವರ್ಷ ಆಯ್ತು!" ಆಮೇಲೆ, "ಬರ್ಲಾ?" ಎಂದ.

ಕೂಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗುವಷ್ಟು ಕಷ್ಟ ಆ ಚಳಿಗಾಲದ ಯಾವ ಮಾತ್ರೆಯೂ ಕೊಡಲಿಲ್ಲ.

"ಬಾ" ಎಂದೆ.

ಮಾರನೆಯ ದಿನವೇ ಹೊರಟು, ಐ-94 ಹೈವೇಯಲ್ಲಿ ಹಿಮದ ನಡುವೆ ಡ್ರೈವ್ ಮಾಡಿಕೊಂಡು ಬಂದ. ಬಂದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗ್ ತಿಂದು ಮಲಗಿದೀಯ, ಸ್ಪಂಜು ಜಾಸ್ತಿ ತುಂಬಿದ ಸೀಟ್ ಇದ್ದಂಗಿದೀಯ" ಎಂದ. ಲೀಲಾ ಬಿಸಿ ಬಿಸಿ ಚಪಾತಿ ಹಾಕಿದಳು. ಬೆಳಿಗ್ಗೆ ಎದ್ದು ಅವಳ ಜೊತೆ ಅಂಗಡಿಗೆ ಹೋದ. ಸೀಟು ವಾಪಸ್ ತೆಗೆದುಕೊಂಡು ಹೋಗಿದ್ದ ಅಜ್ಜನಿಗೆ ಫೋನ್ ಮಾಡಿ ಅವನ್ನು ತಿರುಗಿ ತರಿಸಿಕೊಳ್ಳುವ ಕೆಲಸವನ್ನು ಲೀಲಾಳಿಗೆ ಹಚ್ಚಿದನಂತೆ.

ಆ ಕಂಪ್ಯೂಟರಿನ ಮುಂದೆ ಆಮೇಲೂ ಎಷ್ಟೋ ದಿನ ಮಲಗಿದೆ. ಅದೇ ಅಕ್ಷರ, ಅದೇ ಅಂಕಿಗಾಗಿ ಕಣ್ಣು ಹುಡುಕುತ್ತಿತ್ತು. ಅವನು ಮತ್ತೆ ಸಿಗಲಿಲ್ಲ. ಅವನೋ, ಅವಳೋ, ಅದೂ ಗೊತ್ತಿಲ್ಲ. ಶಿವಮೊಗ್ಗದಲ್ಲಿದ್ದರೋ, ದುಬೈನಲ್ಲಿದ್ದರೋ, ನಮ್ಮ ಬೀದಿಯ ಆ ತುದಿಯಲ್ಲೇ ಇದ್ದರೋ. ಈಗಲೂ ಜನ ತುಂಬಿದ ಕಡೆ ನಿಂತಾಗ ಮುಖಗಳನ್ನು ನೋಡುತ್ತೇನೆ. ಇವರಲ್ಲಿ ಯಾರಾದರೂ ಇರಬಹುದು.

ಇಮ್ತಿಯಾಜ್ ಅಂಗಡಿ ತೆಗೆದ ಆ ಮೊದಲ ಬೆಳಿಗ್ಗೆ ಮನೆಯ ಫೋನ್ ಹೊಡೆದುಕೊಂಡಿತು. ಎತ್ತಿದೆ. ಮಾತಿಲ್ಲ. ಕಟಕಟಕಟ ಎಂದು ಒಂದು ಸದ್ದು ಮಾತ್ರ. ಹೊಲಿಗೆ ಮಷೀನಿನ ಪಕ್ಕ ಫೋನ್ ಇಟ್ಟಿದ್ದ. ಅಷ್ಟು ವಾರ ಕೇಳದಿದ್ದ ನನ್ನ ಅಂಗಡಿಯ ಸದ್ದು.

"ಕೇಳಿಸ್ತಾ?" ಎಂದ ಕೊನೆಗೆ.

"ಕೇಳಿಸ್ತು. ದಾರ ಬಿಗಿಯಾಯ್ತು, ಒಂಚೂರು ಸಡಿಲ ಬಿಡು. ಆ ಸೀಟಿನ ವಿನೈಲು ಬಿಸಿಲಿಗೆ ಎಳ್ಕೊಳುತ್ತೆ. ಮೂಲೆ ಹತ್ರ ಬಂದಾಗ..."

"ಮಂಜಾ."

"ಏನು?"

"ಸುಮ್ನೆ ಮಲಕ್ಕೊ."

ನಾನು ಫೋನನ್ನು ಕಿವಿಯ ಪಕ್ಕ ದಿಂಬಿನ ಮೇಲೆ ಇಟ್ಟುಕೊಂಡು ಸುಮ್ಮನೆ ಮಲಗಿದೆ.